ಕುರ್ಚಿಗೂ ಬೆಲೆಯುಂಟು

ಫ್ಲಾರೆನ್ಸ್ ನಗರದ ಒಂದು ಓಣಿಯ ಹೋಟೆಲಿನಲ್ಲಿ ನಾವು ನಾಲ್ವರು ರಾತ್ರಿಯೂಟ ಮುಗಿಸಿ ಕೂತಿದ್ದೆವು. ನಾನು, ನನ್ನ ಹೆಂಡತಿ, ಅಕ್ಕ, ಭಾವ. ಭಾವ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಬಿಲ್ಲು ಯಾರ ಕೈಗೆ ಬಂದರೂ ಕೊನೆಗೆ ಅದು ಅವರ ಕನ್ನಡಕದ ಕೆಳಗೆ ಹಾದುಹೋಗಲೇಬೇಕು. ಅಂದೂ ಹೋಯಿತು. ಎರಡು ಪಿಜ್ಜಾ, ಒಂದು ಪಾಸ್ತಾ, ಒಂದು ಬೀನ್ಸ್ ಸೂಪು, ಒಂದು ಬಾಟಲಿ ನೀರು. ಇವೆಲ್ಲಕ್ಕಿಂತ ಮೇಲೆ, ಮೊದಲ ಸಾಲಿನಲ್ಲೇ, ‘ಕೊಪೆರ್ತೊ 4, ಯೂರೊ 10.00’ ಎಂದಿತ್ತು.

“ಕೊಪೆರ್ತೊ ಅಂದ್ರೆ ಯಾವುದಯ್ಯ? ನೀನು ತರಿಸಿದ್ಯಾ?”

“ಇಲ್ಲ ಭಾವ.”

“ನಿಮ್ಮಕ್ಕ ಏನಾದ್ರೂ ತಿಂದ್ಲಾ?”

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಹತ್ತು ಯೂರೊ ಎಂದರೆ ಹತ್ತಿರಹತ್ತಿರ ಸಾವಿರ ರೂಪಾಯಿ. ಯಾರೂ ತಿನ್ನದ ಪದಾರ್ಥಕ್ಕೆ ಸಾವಿರ ರೂಪಾಯಿ! ಭಾವ ವೇಟರನನ್ನು ಕರೆದು ಆ ಸಾಲಿನ ಮೇಲೆ ಬೆರಳಿಟ್ಟರು. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬಿಲ್ಲು ನೋಡಿದ, ಸಣ್ಣಗೆ ನಕ್ಕ, ಭಾವ ಕೂತಿದ್ದ ಕುರ್ಚಿಯ ಬೆನ್ನನ್ನು ಎರಡು ಸಲ ತಟ್ಟಿ ತೋರಿಸಿ ಹೊರಟುಹೋದ.

ಯುರೋಪಿನ ಹೋಟೆಲುಗಳಲ್ಲಿ ನಮ್ಮವರಿಗೆ ಆಗುವ ಗಲಿಬಿಲಿ, ಮುಜುಗರ, ಸಿಟ್ಟು ಎಲ್ಲದಕ್ಕೂ ಅವನು ಆ ಎರಡು ತಟ್ಟಿನಲ್ಲೇ ಉತ್ತರ ಕೊಟ್ಟಿದ್ದ ಎಂದು ನನಗೆ ಆಮೇಲೆ ಅನ್ನಿಸಿತು. ನಮ್ಮಲ್ಲಿ ಹೋಟೆಲಿನವರು ಮಾರುವುದು ತಿಂಡಿಯನ್ನು. ಕುರ್ಚಿ ಇದ್ದರೆ ಇದೆ, ಇಲ್ಲದಿದ್ದರೆ ನಿಂತು ತಿನ್ನುತ್ತೇವೆ. ಅಲ್ಲಿ ತಿಂಡಿಯ ಜೊತೆಗೆ ಜಾಗವನ್ನೂ ಹೊತ್ತನ್ನೂ ಮಾರುತ್ತಾರೆ. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಬಿಲ್ಲಿನ ಅರ್ಧ ಒಗಟು ಬಿಡಿಸಿದಂತೆ.

ಅಂದಹಾಗೆ, ಹೋಟೆಲ್ ಎಂಬ ಮಾತನ್ನೇ ಅಲ್ಲಿ ಎಚ್ಚರದಿಂದ ಬಳಸಬೇಕು. ನಮಗೆ ಹೋಟೆಲ್ ಎಂದರೆ ದೋಸೆ ಸಿಗುವ ಜಾಗ, ಅವರಿಗೆ ಮಲಗುವ ಜಾಗ. ಫ್ರಾನ್ಸಿನ ಊರೂರಲ್ಲಿ ‘ಓತೆಲ್ ದ ವೀಲ್’ ಎಂಬ ಭವ್ಯ ಕಟ್ಟಡ ಕಾಣುತ್ತದೆ. ಅಲ್ಲಿ ಊಟವೂ ಇಲ್ಲ, ಕೋಣೆಯೂ ಇಲ್ಲ, ಅದು ಪುರಸಭೆ.

ಕೊಪೆರ್ತೊ ಎಂದರೆ ಹಾಸಿದ್ದು, ಹೊದಿಸಿದ್ದು. ಮೇಜುಬಟ್ಟೆ, ತಟ್ಟೆ, ಚಮಚ, ಒಂದು ಬುಟ್ಟಿ ಬ್ರೆಡ್ಡು, ಇವೆಲ್ಲ ಸೇರಿ ತಲೆಗೆ ಇಷ್ಟು ಎಂದು ಹಾಕುತ್ತಾರೆ. ಒಂದರಿಂದ ಮೂರು ಯೂರೊ ಸಾಮಾನ್ಯ. ಹಿಂದಿನ ಕಾಲದಲ್ಲಿ ದಾರಿಹೋಕರು ಬುತ್ತಿ ಕಟ್ಟಿಕೊಂಡು ಬಂದು ಛತ್ರದ ಮಾಡಿನ ಕೆಳಗೆ ಕೂತು ತಿನ್ನುತ್ತಿದ್ದರಂತೆ, ಛತ್ರದವನು ಊಟ ಬಡಿಸದಿದ್ದರೂ ಜಾಗಕ್ಕೆ, ಪಾತ್ರೆಗೆ ಕಾಸು ಕೇಳುತ್ತಿದ್ದನಂತೆ. ಕೊಪೆರ್ತೊ ಹುಟ್ಟಿದ್ದು ಹಾಗೆ ಎಂದು ಇಟಲಿಯವರು ಹೇಳಿಕೊಳ್ಳುತ್ತಾರೆ. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರಲ್ಲಿ ಕಾನೂನು ಮಾಡಿ ಇದನ್ನು ನಿಷೇಧಿಸಿತು. ಬ್ರೆಡ್ಡಿಗೆ ಬೆಲೆ ಹಾಕಬಾರದೆಂದು ಮಾತ್ರ ಅದು ಹೇಳಲಿಲ್ಲ. ಹಾಗಾಗಿ ರೋಮ್‌ನ ಬಿಲ್ಲುಗಳಲ್ಲಿ ಕೊಪೆರ್ತೊ ಇದ್ದ ಜಾಗದಲ್ಲಿ ಈಗ ‘ಪಾನೆ’, ಅಂದರೆ ಬ್ರೆಡ್ಡು, ಬಂದು ಕೂತಿದೆ. ಬ್ರೆಡ್ಡಾದರೆ ಬೇಡವೆಂದು ವಾಪಸ್ ಕಳಿಸಬಹುದು. ಕುರ್ಚಿಯನ್ನು ಹೇಗೆ ವಾಪಸ್ ಕಳಿಸುವುದು?

ಪೋರ್ಚುಗಲ್‌ನಲ್ಲಿ ಇದರದೇ ಇನ್ನೊಂದು ರೂಪ. ಲಿಸ್ಬನ್‌ನಲ್ಲಿ ನೀವು ಕೂತ ತಕ್ಷಣ, ಏನೂ ಕೇಳದೆಯೇ, ಬ್ರೆಡ್ಡು, ಬೆಣ್ಣೆ, ಆಲಿವ್ ಕಾಯಿ, ಕೆಲವೊಮ್ಮೆ ಒಂದು ತುಂಡು ಚೀಸ್ ಮೇಜಿಗೆ ಬರುತ್ತದೆ. ಅದರ ಹೆಸರು ‘ಕೂವೆರ್’. ನಮ್ಮವರಿಗೆ ಅದು ಉಪಚಾರದಂತೆ ಕಾಣುತ್ತದೆ, ಉಡುಪಿ ಊಟದ ಎಲೆ ತುದಿಗೆ ಉಪ್ಪಿನಕಾಯಿ ಬಿದ್ದ ಹಾಗೆ. ಉಪಚಾರವಲ್ಲ, ಅದಕ್ಕೆ ದರವಿದೆ. ಆದರೆ ಅಲ್ಲಿಯ ಕಾನೂನು ಗಿರಾಕಿಯ ಪರ: ಕೇಳದೆ ತಂದಿಟ್ಟದ್ದನ್ನು ನೀವು ಮುಟ್ಟದಿದ್ದರೆ ಕಾಸು ಕೇಳುವಂತಿಲ್ಲ. ಭಾವ ಇದನ್ನು ಓದಿಕೊಂಡೇ ಬಂದಿದ್ದರು. ತಟ್ಟೆಯನ್ನು ಮೇಜಿನ ಆ ತುದಿಗೆ ಸರಿಸಿ ಕೈಕಟ್ಟಿ ಕೂತರು. ಹತ್ತು ನಿಮಿಷದ ನಂತರ ನೋಡಿದರೆ ಆಲಿವ್‌ನ ಮೂರು ಬೀಜ ಅವರ ಕರವಸ್ತ್ರದ ಪಕ್ಕದಲ್ಲಿದ್ದವು.

ಜಾಗಕ್ಕೆ ಬೆಲೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಇಟಲಿಯ ಕಾಫಿಗಿಂತ ಒಳ್ಳೆಯ ಪಾಠವಿಲ್ಲ. ಅಲ್ಲಿ ‘ಬಾರ್’ ಎಂದರೆ ಮುಖ್ಯವಾಗಿ ಕಾಫಿ ಅಂಗಡಿ. ಹೆಸರು ಕೇಳಿ ಅಕ್ಕ ಮೊದಲ ದಿನ ಒಳಗೇ ಬರಲಿಲ್ಲ. ಬೆಳಗ್ಗೆ ಎಂಟಕ್ಕೆ ಕಚೇರಿಗೆ ಹೋಗುವವರು, ಪೊಲೀಸರು, ಗಾರೆ ಕೆಲಸದವರು ಎಲ್ಲ ಕೌಂಟರಿಗೆ ಮೊಣಕೈ ಊರಿ ನಿಂತು, ಮೂರು ಗುಟುಕಿನಲ್ಲಿ ಕಾಫಿ ಮುಗಿಸಿ ನಡೆಯುತ್ತಾರೆ. ಎಷ್ಟೋ ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು, ಚೀಟಿ ತಂದು ಕೌಂಟರಿನ ಮೇಲಿಟ್ಟು ಕೇಳಬೇಕು. ಟೋಕನ್ ತಗೊಂಡು ದೋಸೆಗೆ ನಿಲ್ಲುವ ಬೆಂಗಳೂರಿನವನಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ನಾನಂತೂ ದರ್ಶಿನಿಗೆ ಬಂದ ಹಾಗೆ ನಿರಾಳವಾಗಿ ನಿಂತೆ.

ಆದರೆ ಅದೇ ಕಾಫಿಯ ಲೋಟ ಹಿಡಿದು ಹೊರಗಿನ ಮೇಜಿಗೆ ಹೋಗಿ ಕೂತಿರೋ, ಬೆಲೆ ಬದಲಾಯಿತು. ದರಪಟ್ಟಿಯಲ್ಲೇ ಎರಡು ಕಾಲಂ ಇರುತ್ತವೆ: ‘ಅಲ್ ಬಾಂಕೊ’ ಎಂದರೆ ಕೌಂಟರಿನಲ್ಲಿ, ‘ಅಲ್ ತಾವೊಲೊ’ ಎಂದರೆ ಮೇಜಿನಲ್ಲಿ. ನಿಂತು ಕುಡಿದರೆ ಒಂದು ಕಾಲು, ಒಂದೂವರೆ ಯೂರೊ ಇರುವ ಕಾಫಿ, ಪ್ರವಾಸಿಗರ ಚೌಕದಲ್ಲಿ ಕೂತು ಕುಡಿದರೆ ಮೂರು ಪಟ್ಟು ನಾಲ್ಕು ಪಟ್ಟು ಆಗಬಹುದು. ವೆನಿಸ್‌ನ ಸಂತ ಮಾರ್ಕನ ಚೌಕದಲ್ಲಿ 1720ರಿಂದ ನಡೆಯುತ್ತಿರುವ ಕಾಫೆ ಫ್ಲೋರಿಯಾನ್ ಇದೆ. ಅದರ ಮುಂದೆ ವಾದ್ಯಗೋಷ್ಠಿ ನಡೆಯುತ್ತಿದ್ದಾಗ ಹೊರಗೆ ಕೂತರೆ ಸಂಗೀತಕ್ಕೂ ಬೇರೆ ದರ ಸೇರುತ್ತದೆ. ಇದನ್ನು ಮೋಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದರ ಬರೆದು ಹಾಕಿದ್ದರೆ ಅದು ಮೋಸವಲ್ಲ. ನಮ್ಮೂರಲ್ಲಿ ಎ.ಸಿ. ಹಾಲಿನ ಇಡ್ಲಿಗೂ ಕೆಳಗಿನ ಸೆಲ್ಫ್ ಸರ್ವಿಸ್ ಇಡ್ಲಿಗೂ ಒಂದೇ ಹಿಟ್ಟು, ಒಂದೇ ಸಾಂಬಾರು. ದರ ಮಾತ್ರ ಎರಡು. ಇಲ್ಲಿ ನಾವು ತಣ್ಣನೆ ಗಾಳಿಗೆ ಕೊಡುವುದನ್ನು ಅವರು ಸಂತ ಮಾರ್ಕನ ಗೋಪುರಕ್ಕೆ ಕೇಳುತ್ತಾರೆ.

ಹೀಗೆ ದುಡ್ಡು ಕೊಟ್ಟು ಹಿಡಿದ ಜಾಗ ಎಷ್ಟು ಹೊತ್ತು ನಮ್ಮದು? ಇಲ್ಲೇ ನಮ್ಮವರು ಎರಡನೆಯ ಸಲ ಎಡವುವುದು. ನಮ್ಮಲ್ಲಿ ಮೊಸರನ್ನಕ್ಕೆ ಬರುವಷ್ಟರಲ್ಲಿ ಕುರ್ಚಿಯ ಹಿಂದೆ ಇನ್ನೊಬ್ಬರು ಬಂದು ನಿಂತಿರುತ್ತಾರೆ, ಸಪ್ಲೈಯರ್ ಬಿಲ್ಲನ್ನು ಸೋಂಪಿನ ತಟ್ಟೆಯಲ್ಲಿಟ್ಟು ಆಗಿರುತ್ತದೆ. ಇಟಲಿ, ಫ್ರಾನ್ಸ್, ಸ್ಪೇನ್‌ಗಳಲ್ಲಿ ಕೇಳದೆ ಬಿಲ್ಲು ತರುವುದೆಂದರೆ ‘ಇನ್ನು ಎದ್ದೇಳಿ’ ಎಂದ ಹಾಗೆ, ಅದು ಅಸಭ್ಯತೆ. ವೇಟರ್ ನಿಮ್ಮನ್ನು ಮರೆತಿಲ್ಲ, ಮರ್ಯಾದೆ ಕೊಡುತ್ತಿದ್ದಾನೆ. ನಾವು ಮೊದಲ ರಾತ್ರಿ ಖಾಲಿ ತಟ್ಟೆಗಳ ಮುಂದೆ ಮುಕ್ಕಾಲು ಗಂಟೆ ಕಾದೆವು. ಅವನು ನಮಗಾಗಿ ಕಾಯುತ್ತಿದ್ದ, ನಾವು ಅವನಿಗಾಗಿ. ಕೊನೆಗೆ ಪಕ್ಕದ ಮೇಜಿನ ಅಜ್ಜಿಯೊಬ್ಬರು ಗಾಳಿಯಲ್ಲಿ ಬರೆಯುವಂತೆ ಬೆರಳಾಡಿಸಿ ತೋರಿಸಿಕೊಟ್ಟರು. ಅದು ಎಲ್ಲ ದೇಶಕ್ಕೂ ನಡೆಯುವ ಭಾಷೆ. ಮಾತಲ್ಲಿ ಕೇಳುವುದಾದರೆ ಇಟಲಿಯಲ್ಲಿ ‘ಇಲ್ ಕೊಂತೊ’, ಸ್ಪೇನಿನಲ್ಲಿ ‘ಲಾ ಕ್ವೆಂತಾ’, ಫ್ರಾನ್ಸಿನಲ್ಲಿ ‘ಲಾದಿಸ್ಯೊಂ’. ಜರ್ಮನಿಯಲ್ಲಿ ‘ತ್ಸಾಲೆನ್ ಬಿಟ್ಟೆ’ ಎಂದರೆ ಸಾಕು.

ರೆಸ್ಟೊರಾಂಟ್ ಎಂಬುದು ಹುಟ್ಟಿದ್ದೇ ಈ ಸ್ವಂತ ಮೇಜಿನ ಆಸೆಯಿಂದ. ಹದಿನೆಂಟನೆಯ ಶತಮಾನದ ಪ್ಯಾರಿಸ್‌ನಲ್ಲಿ ಹೊರಗೆ ಉಣ್ಣುವವನು ಹೋಗುತ್ತಿದ್ದುದು ‘ತಾಬ್ಲ್ ದೋತ್’ ಎಂಬ ಸಾಮೂಹಿಕ ಮೇಜಿಗೆ. ನಿಗದಿಯಾದ ಹೊತ್ತು, ಎಲ್ಲರಿಗೂ ಒಂದೇ ಅಡುಗೆ, ಗೊತ್ತಿಲ್ಲದವರ ಪಕ್ಕ ಕೂತು ಸಿಕ್ಕಿದ್ದನ್ನು ಉಣ್ಣಬೇಕು, ನಮ್ಮ ಮಠದ ಪಂಕ್ತಿಯ ಹಾಗೆ. ‘ರೆಸ್ಟೊರಾಂಟ್’ ಎಂಬುದು ಆಗ ಜಾಗದ ಹೆಸರಲ್ಲ, ನಿಶ್ಶಕ್ತರಿಗೆ ಚೈತನ್ಯ ಕೊಡುವುದೆಂದು ಹೇಳಲಾಗುತ್ತಿದ್ದ ಮಾಂಸದ ತಿಳಿಸಾರಿನ ಹೆಸರು. 1760ರ ದಶಕದಲ್ಲಿ ಆ ಸಾರು ಮಾರುವ ಅಂಗಡಿಗಳು ಹೊಸದೊಂದು ಪದ್ಧತಿ ತಂದವು: ನಿಮಗೆ ಬೇಕಾದ ಹೊತ್ತಿಗೆ ಬನ್ನಿ, ಬೇರೆ ಮೇಜಿನಲ್ಲಿ ಕೂರಿ, ಪಟ್ಟಿ ನೋಡಿ ಬೇಕಾದ್ದನ್ನು ಹೇಳಿ, ಅಷ್ಟಕ್ಕೇ ದುಡ್ಡು ಕೊಡಿ. ಸಾರಿನ ಹೆಸರು ಅಂಗಡಿಗೆ ಅಂಟಿಕೊಂಡಿತು. ಫ್ರೆಂಚರ ಊಟದ ಪದ್ಧತಿಯನ್ನು 2010ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ಗಮನಿಸಬೇಕಾದದ್ದೆಂದರೆ, ಸೇರಿಸಿದ್ದು ಯಾವುದೋ ಒಂದು ಖಾದ್ಯವನ್ನಲ್ಲ, ಕೂತು ಕ್ರಮವಾಗಿ ಉಣ್ಣುವ ರೀತಿಯನ್ನು.

ಆ ಕ್ರಮ ಗೊತ್ತಿಲ್ಲದೆ ಫ್ರಾನ್ಸಿನಲ್ಲಿ ಬಾಯಿ ತೆರೆದರೆ ಬೇಕಾದ್ದು ಸಿಗುವುದಿಲ್ಲ. ಅಲ್ಲಿ ‘ಮೆನ್ಯು’ ಎಂದು ಕೇಳಿದರೆ ಪಟ್ಟಿಯನ್ನಲ್ಲ, ನಿಗದಿತ ಬೆಲೆಯ ಪೂರ್ತಿ ಊಟವನ್ನು ಕೇಳಿದ ಹಾಗೆ. ಪಟ್ಟಿ ಬೇಕಾದರೆ ‘ಲಾ ಕಾರ್ತ್’ ಎನ್ನಬೇಕು. ‘ಆಂತ್ರೆ’ ಎಂದರೆ ಮೊದಲ ತಿನಿಸು. ಅಮೆರಿಕದಲ್ಲಿ ಅದೇ ಪದಕ್ಕೆ ಮುಖ್ಯ ಊಟ ಎಂಬ ಅರ್ಥ, ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ಹಿರಿಯರು ಇಲ್ಲಿ ಇನ್ನಷ್ಟು ಎಡವುತ್ತಾರೆ. ಹಗುರ ಖರ್ಚಿನಲ್ಲಿ ಒಳ್ಳೆಯದನ್ನು ಉಣ್ಣಬೇಕೆಂದರೆ ಮಧ್ಯಾಹ್ನದ ‘ಫಾರ್ಮ್ಯುಲ್’ ಹಿಡಿಯಿರಿ. ಎರಡು ಅಥವಾ ಮೂರು ತಿನಿಸು, ಒಂದೇ ಬೆಲೆ. ಹೊರಗಿನ ಕಪ್ಪುಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ರಾತ್ರಿ ನಲವತ್ತು ಯೂರೊ ಕೇಳುವ ಅಡುಗೆಮನೆಯೇ ಮಧ್ಯಾಹ್ನ ಇಪ್ಪತ್ತರ ಸುತ್ತಮುತ್ತ ಬಡಿಸುವುದುಂಟು. ಸ್ಪೇನಿನಲ್ಲಿ ಇದರ ಹೆಸರು ‘ಮೆನು ದೆಲ್ ದಿಯಾ’, ದಿನದ ಊಟ. ನಾನು ಯುರೋಪಿನಲ್ಲಿ ಉಂಡ ಒಳ್ಳೆಯ ಊಟಗಳಲ್ಲಿ ಮುಕ್ಕಾಲು ಪಾಲು ಮಧ್ಯಾಹ್ನದವೇ.

ಮತ್ತೆ ‘ಬೊಂಜೂರ್’. ಫ್ರಾನ್ಸಿನಲ್ಲಿ ಬಾಗಿಲು ದಾಟಿದೊಡನೆ ನಮಸ್ಕಾರ ಹೇಳದೆ ನೇರವಾಗಿ ‘ನಾಲ್ಕು ಜನಕ್ಕೆ ಜಾಗ ಇದೆಯಾ’ ಎಂದು ಕೇಳಿದರೆ ಮುಖ ಬಿಗಿಯುತ್ತದೆ. ಪ್ಯಾರಿಸ್ ವೇಟರುಗಳು ಸಿಡುಕರು ಎಂಬ ದೂರಿನ ಹಿಂದೆ ಹೇಳದೇ ಉಳಿದ ಬೊಂಜೂರ್‌ಗಳು ಎಷ್ಟೋ ಇವೆ. ಖಾಲಿ ಮೇಜು ಕಂಡ ಕೂಡಲೇ ಹೋಗಿ ಕೂರುವುದೂ ಸಲ್ಲ, ಕೂರಿಸುವವರೆಗೆ ನಿಲ್ಲಬೇಕು.

ಹೊತ್ತಿನ ವಿಷಯಕ್ಕೆ ಬಂದರೆ ಹೊಟ್ಟೆಯ ವಿಷಯಕ್ಕೇ ಬಂದಂತೆ. ಲಿಯೋನ್‌ನಲ್ಲಿ ಒಂದು ದಿನ ವಸ್ತುಸಂಗ್ರಹಾಲಯ ನೋಡಿಕೊಂಡು ಮೂರು ಗಂಟೆಗೆ ಹೊರಬಂದೆವು. ಹೊಟ್ಟೆ ತಾಳ ಹಾಕುತ್ತಿತ್ತು. ಆರು ಬಾಗಿಲು ತಟ್ಟಿದೆವು. ಎಲ್ಲ ಕಡೆ ಜನ ಇನ್ನೂ ಕೂತು ಹರಟುತ್ತಿದ್ದಾರೆ, ಒಲೆ ಮಾತ್ರ ಆರಿದೆ. ಸಾಮಾನ್ಯವಾಗಿ ಫ್ರಾನ್ಸಿನ ಅಡುಗೆಮನೆ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ, ಮತ್ತೆ ರಾತ್ರಿ ಏಳರ ಮೇಲೆ. ಇಟಲಿಯಲ್ಲಿ ಅರ್ಧ ಗಂಟೆ ತಡ. ಸ್ಪೇನಿನಲ್ಲಿ ಎರಡು ಗಂಟೆ ತಡ: ಮಧ್ಯಾಹ್ನದೂಟ ಎರಡರ ಮೇಲೆ, ರಾತ್ರಿಯೂಟ ಒಂಬತ್ತರ ಮೇಲೆ. ಸ್ಪೇನಿನವರು ಸೋಮಾರಿಗಳೆಂದು ಇದಕ್ಕೆ ಕಾರಣ ಹೇಳುವವರಿದ್ದಾರೆ, ಅದು ತಪ್ಪು. ಭೂಪಟದಲ್ಲಿ ಲಂಡನ್ನಿನ ನೇರ ಕೆಳಗೆ ಬರುವ ಆ ದೇಶ 1940ರಿಂದ ಬರ್ಲಿನ್ನಿನ ಗಡಿಯಾರ ಕಟ್ಟಿಕೊಂಡಿದೆ. ಗಡಿಯಾರ ಮುಂದೆ ಓಡಿತು, ಸೂರ್ಯ ಇದ್ದಲ್ಲೇ ಇದ್ದ. ಬಹಳಷ್ಟು ಜನ ಸೂರ್ಯನ ಜೊತೆಗೇ ಉಣ್ಣುತ್ತಾರೆ. ‘ಸೆರ್ವಿಸ್ ಕೊಂತಿನ್ಯು’ ಎಂಬ ಫಲಕ ಇರುವ ಫ್ರೆಂಚ್ ಹೋಟೆಲುಗಳಲ್ಲಿ ದಿನವಿಡೀ ಊಟ ಸಿಗುತ್ತದೆ. ಅಂದು ನಮಗೆ ಅದು ಗೊತ್ತಿರಲಿಲ್ಲ. ಬೇಕರಿಯ ಒಂದು ಉದ್ದ ಬ್ರೆಡ್ಡನ್ನು ನಾಲ್ಕು ತುಂಡು ಮಾಡಿ, ಅಕ್ಕ ಊರಿಂದ ತಂದಿದ್ದ ಶೇಂಗಾ ಚಟ್ನಿಪುಡಿ ಉದುರಿಸಿ, ನದಿ ದಂಡೆಯ ಕಲ್ಲುಬೆಂಚಿನಲ್ಲಿ ತಿಂದೆವು. ಕುರ್ಚಿಗೆ ಕಾಸಿಲ್ಲ.

ಚಟ್ನಿಪುಡಿ ಎಂದಾಗ ನೆನಪಾಯಿತು. ಹೊರಡುವ ಮುನ್ನ ಪೆಟ್ಟಿಗೆ ಕಟ್ಟುವವರಿಗೆ ಒಂದು ಮಾತು: ಐರೋಪ್ಯ ಒಕ್ಕೂಟದೊಳಗೆ ಹೊರದೇಶದಿಂದ ಹಾಲಿನ ಪದಾರ್ಥ ಮತ್ತು ಮಾಂಸ ತರುವಂತಿಲ್ಲ. ಅಂದರೆ ತುಪ್ಪದ ಡಬ್ಬಿ, ಧಾರವಾಡ ಪೇಡ ಎರಡೂ ಹೊರಗೆ. ಹಸಿ ತರಕಾರಿ, ಹಣ್ಣು, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆದ್ದರಿಂದ ಕರಿಬೇವೂ ಹೊರಗೆ. ಐದು ಹಣ್ಣುಗಳಿಗೆ ಮಾತ್ರ ವಿನಾಯಿತಿ: ಅನಾನಸ್, ತೆಂಗಿನಕಾಯಿ, ಡ್ಯೂರಿಯನ್, ಖರ್ಜೂರ, ಬಾಳೆಹಣ್ಣು. ಕಾಯಿ, ಬಾಳೆಹಣ್ಣು ಎರಡೂ ಇರುವುದರಿಂದ ಬ್ರಸೆಲ್ಸ್‌ನಲ್ಲಿ ಯಾರೋ ನಮ್ಮ ಪೂಜೆಯ ತಟ್ಟೆ ನೋಡಿಯೇ ಪಟ್ಟಿ ಬರೆದಿರಬೇಕು ಎಂದು ಅಕ್ಕನ ವಾದ.

ನೀರು. ಕೂತ ಕೂಡಲೇ ಸ್ಟೀಲ್ ಲೋಟದಲ್ಲಿ ನೀರು ಬರುವ ದೇಶದವರಿಗೆ ಮೂರು, ನಾಲ್ಕು ಯೂರೊ ನೀರಿನ ಬಾಟಲಿ ಕಂಡರೆ ಬಾಯಾರಿಕೆಯೇ ಹೋಗುತ್ತದೆ. ಫ್ರಾನ್ಸಿನಲ್ಲಿ ‘ಯುನ್ ಕರಾಫ್ ದೋ’ ಎಂದು ಕೇಳಿ. ಹೂಜಿಯಲ್ಲಿ ನಲ್ಲಿ ನೀರು, ಬಿಟ್ಟಿ. ಅಲ್ಲಿ ಊಟದ ಜೊತೆ ನಲ್ಲಿ ನೀರು, ಬ್ರೆಡ್ಡು ಬೆಲೆಯಲ್ಲೇ ಸೇರಿದ್ದೆಂದು ದಶಕಗಳ ಹಿಂದೆಯೇ ನಿಯಮವಾಗಿದೆ. 2022ರಿಂದ, ನೀರು ಬಿಟ್ಟಿಯಾಗಿ ಕೇಳಬಹುದು ಎಂಬುದನ್ನು ಹೋಟೆಲಿನವರೇ ತಿಳಿಸಬೇಕು. ಸ್ಪೇನಿನಲ್ಲೂ ಅದೇ ವರ್ಷ ಇಂಥ ಕಾನೂನು ಬಂತು. ಜರ್ಮನಿ, ಇಟಲಿಗಳಲ್ಲಿ ಬಾಟಲಿಯೇ ರೂಢಿ. ನಲ್ಲಿ ನೀರು ಕೇಳಿದರೆ ಕೆಲವರು ಕೊಡುತ್ತಾರೆ, ಕೆಲವರು ಹುಬ್ಬೇರಿಸುತ್ತಾರೆ. ಜರ್ಮನಿಯಲ್ಲಿ ಬರೀ ನೀರು ಎಂದರೆ ಸೋಡಾ ಬರುವ ಸಂಭವವೇ ಹೆಚ್ಚು. ಗ್ಯಾಸಿಲ್ಲದ್ದು ಬೇಕಾದರೆ ‘ಷ್ಟಿಲ್’ ಎನ್ನಬೇಕು.

ಇನ್ನು ನಮ್ಮ ಓದುಗರಲ್ಲಿ ಬಹಳ ಜನ ಕೇಳುವ ಪ್ರಶ್ನೆ: ಸಸ್ಯಾಹಾರಿಗಳ ಗತಿಯೇನು? ಗತಿ ಇದೆ, ಆದರೆ ಅವರ ‘ಸಸ್ಯಾಹಾರ’ ಮತ್ತು ನಮ್ಮದರ ನಡುವೆ ಒಂದು ಸಣ್ಣ ಕಾಲುವೆ ಇದೆ, ಅದರಲ್ಲಿ ಮೀನು ಈಜುತ್ತದೆ. ಸ್ಪೇನಿನಲ್ಲಿ ‘ಸಿನ್ ಕಾರ್ನೆ’, ಮಾಂಸ ಬೇಡ, ಎಂದು ಅಕ್ಕ ಬಾಯಿಪಾಠ ಮಾಡಿಕೊಂಡು ಹೇಳಿದಳು. ‘ಎನ್ಸಲಾದಾ ಮಿಕ್ಸ್ತಾ’, ಮಿಶ್ರ ತರಕಾರಿಯ ಕೋಸಂಬರಿ, ಬಂತು. ಸೌತೆ, ಟೊಮೆಟೊ, ಈರುಳ್ಳಿ, ಅದರ ನಡುವೆ ಗುಡ್ಡೆಯಾಗಿ ಟ್ಯೂನಾ ಮೀನು. ವೇಟರ್ ಮೋಸ ಮಾಡಿರಲಿಲ್ಲ. ‘ಕಾರ್ನೆ’ ಎಂದರೆ ಅವನ ಮಟ್ಟಿಗೆ ದನ, ಕುರಿ, ಹಂದಿ. ಮೀನು ಮೀನು, ಅದು ಮಾಂಸ ಹೇಗಾದೀತು?

ಕಣ್ಣಿಗೆ ಕಾಣುವ ಮೀನನ್ನು ಪಕ್ಕಕ್ಕಿಡಬಹುದು, ಕಾಣದ್ದೇ ಕಷ್ಟ. ಫ್ರೆಂಚರ ಈರುಳ್ಳಿ ಸೂಪಿನ ಬುಡ ಸಾಮಾನ್ಯವಾಗಿ ಗೋಮಾಂಸದ ಸಾರು. ಇಟಲಿಯ ರಿಸೊತ್ತೊ ಅನ್ನ ಎಷ್ಟೋ ಸಲ ಬೇಯುವುದು ಕೋಳಿ ಅಥವಾ ಮಾಂಸದ ಸಾರಿನಲ್ಲಿ. ಬೆಲ್ಜಿಯಂನ ಹೆಸರಾಂತ ಆಲೂ ಫ್ರೈ ಸಂಪ್ರದಾಯದಂತೆ ಕರಿಯುವುದು ದನದ ಕೊಬ್ಬಿನಲ್ಲಿ; ಅಂಗಡಿಯವರನ್ನು ಕೇಳಿದರೆ ಸಸ್ಯದೆಣ್ಣೆಯದೋ ಅಲ್ಲವೋ ಹೇಳುತ್ತಾರೆ. ಪಾನ್ನಾ ಕೊತ್ತಾ ಎಂಬ ಸಿಹಿಯಲ್ಲಿ ಜೆಲಾಟಿನ್ ಇರುತ್ತದೆ. ಪಾರ್ಮಿಜಾನೊ ಚೀಸ್‌ಗೆ ಹೆಪ್ಪು ಹಾಕುವುದು ಕರುವಿನ ಜಠರದಿಂದ ತೆಗೆದ ರೆನ್ನೆಟ್‌ನಿಂದ, ಅದು ಆ ಚೀಸ್‌ನ ನಿಯಮದಲ್ಲೇ ಇದೆ. ಅಷ್ಟು ದೂರ ವಿಚಾರಿಸುವವರು ಪೆಸ್ತೊ ಚಟ್ನಿಯನ್ನೂ ಬಿಡಬೇಕಾಗುತ್ತದೆ. ವಿಚಾರಿಸದಿರುವುದೂ ಒಂದು ಮಾರ್ಗ, ನನ್ನ ಹೆಂಡತಿ ಅದನ್ನೇ ಹಿಡಿದಳು. ಹೆಸರಿನಿಂದ ಮೋಸಹೋಗಬಾರದಾದ್ದು ಒಂದಿದೆ: ‘ಮರಿನಾರಾ’ ಪಿಜ್ಜಾ. ಕಡಲಿನ ಹೆಸರು ಹೊತ್ತಿದ್ದರೂ ನೇಪಲ್ಸ್‌ನ ಅಸಲಿ ಮರಿನಾರಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೆ. ಮೀನಿಲ್ಲ, ಚೀಸ್ ಕೂಡ ಇಲ್ಲ. ಒಂದು ಪಿಜ್ಜಾ ಒಬ್ಬರಿಗೆ, ಕತ್ತರಿಸದೆ ತರುತ್ತಾರೆ, ಚಾಕು-ಫೋರ್ಕ್ ನಮ್ಮದೇ ಕೆಲಸ.

ಕಾನೂನು ಇಲ್ಲಿ ಅರ್ಧ ಸಹಾಯ ಮಾಡುತ್ತದೆ. 2014ರ ಡಿಸೆಂಬರ್‌ನಿಂದ ಐರೋಪ್ಯ ಒಕ್ಕೂಟದ ಹೋಟೆಲುಗಳೆಲ್ಲ ಅಲರ್ಜಿ ತರಬಲ್ಲ 14 ಪದಾರ್ಥಗಳ ಬಗ್ಗೆ ಗಿರಾಕಿಗೆ ಮಾಹಿತಿ ಕೊಡಲೇಬೇಕು. ಆಸ್ಟ್ರಿಯಾದಲ್ಲಿ ತಿಂಡಿಯ ಹೆಸರಿನ ಪಕ್ಕ ಸಣ್ಣ ಅಕ್ಷರಗಳಿರುತ್ತವೆ: ಎ ಎಂದರೆ ಗೋಧಿಯಂಥ ಗ್ಲುಟೆನ್ ಧಾನ್ಯ, ಸಿ ಮೊಟ್ಟೆ, ಡಿ ಮೀನು, ಜಿ ಹಾಲು. ಮೊಟ್ಟೆ ತಿನ್ನದ ಅಕ್ಕ ವಿಯೆನ್ನಾದಲ್ಲಿ ಪಟ್ಟಿಯನ್ನು ಓದುತ್ತಲೇ ಇರಲಿಲ್ಲ, ‘ಸಿ’ ಇಲ್ಲದ ಸಾಲು ಮಾತ್ರ ಹುಡುಕುತ್ತಿದ್ದಳು. ಆ 14ರಲ್ಲಿ ಎಳ್ಳು ಇದೆ, ನಮ್ಮ ಒಗ್ಗರಣೆಯ ಸಾಸಿವೆಯೂ ಇದೆ. ಮಾಂಸ ಇಲ್ಲ, ಏಕೆಂದರೆ ಅದು ಅಲರ್ಜಿಯಲ್ಲ. ಆದ್ದರಿಂದ ಅದನ್ನು ಬಾಯಿಬಿಟ್ಟೇ ಕೇಳಬೇಕು: ಮಾಂಸ, ಕೋಳಿ, ಮೀನು, ಮಾಂಸದ ಸಾರು ಯಾವುದೂ ಬೇಡ ಎಂದು ಅವರ ಭಾಷೆಯಲ್ಲಿ ಒಂದು ಚೀಟಿ ಬರೆಸಿ ಜೇಬಿನಲ್ಲಿಟ್ಟುಕೊಂಡರೆ ಯಾವ ಆ್ಯಪಿಗಿಂತಲೂ ಮೇಲು. ಮಾಂಸ ತಿನ್ನುವವರು ನಿಶ್ಚಿಂತೆಯಿಂದಿರಬಹುದು ಎಂದೇನಲ್ಲ. ಮಂಡ್ಯದ ನನ್ನ ಗೆಳೆಯನೊಬ್ಬ ಪ್ಯಾರಿಸ್‌ನಲ್ಲಿ ಠೀವಿಯಿಂದ ‘ಸ್ಟೇಕ್ ತಾರ್ತಾರ್’ ತರಿಸಿದ. ಬಂದದ್ದು ಕೊಚ್ಚಿದ ಹಸಿ ಮಾಂಸ, ಮೇಲೊಂದು ಹಸಿ ಮೊಟ್ಟೆಯ ಹಳದಿ. ಅದು ಹಾಗೆಯೇ ತಿನ್ನುವ ಪದಾರ್ಥ.

ಸಸ್ಯಾಹಾರದ ಮಾತಿನಲ್ಲಿ ಜ್ಯೂರಿಕ್‌ನ ಹಿಲ್ಟ್ಲ್ ಹೆಸರು ಹೇಳದೆ ಮುಂದೆ ಹೋಗಲಾಗದು. ಜಗತ್ತಿನಲ್ಲಿ ಎಡೆಬಿಡದೆ ನಡೆಯುತ್ತಿರುವ ಅತಿ ಹಳೆಯ ಸಸ್ಯಾಹಾರಿ ರೆಸ್ಟೊರಾಂಟ್ ಎಂದು ಗಿನ್ನೆಸ್ ದಾಖಲೆಯಲ್ಲಿರುವುದು ಅದೇ, ಶುರುವಾದದ್ದು 1898ರಲ್ಲಿ. ಆಗ ಗಿರಾಕಿಗಳೇ ಇರಲಿಲ್ಲ, ಬಂದವರು ನಗೆಪಾಟಲಾಗುತ್ತಿದ್ದರು. ಬವೇರಿಯಾದಿಂದ ಬಂದ ಆಂಬ್ರೋಸಿಯಸ್ ಹಿಲ್ಟ್ಲ್ ಎಂಬ ದರ್ಜಿ ಕೀಲುನೋವಿಗೆ ವೈದ್ಯರು ಮಾಂಸ ಬಿಡಲು ಹೇಳಿದ್ದರಿಂದ ಅಲ್ಲಿ ಉಣ್ಣಲು ಹೋದ, ವಾಸಿಯಾದ, ಕೊನೆಗೆ ಆ ಹೋಟೆಲನ್ನೇ ನಡೆಸತೊಡಗಿದ. ಅವನ ಮನೆಯ ಸೊಸೆ ಮಾರ್ಗ್ರಿತ್ ಹಿಲ್ಟ್ಲ್ 1951ರಲ್ಲಿ ದೆಹಲಿಯಲ್ಲಿ ನಡೆದ ವಿಶ್ವ ಸಸ್ಯಾಹಾರ ಸಮ್ಮೇಳನಕ್ಕೆ ಬಂದು, ನಮ್ಮ ಅಡುಗೆಗೆ ಮನಸೋತು, ಮಸಾಲೆಗಳ ಜ್ಞಾನ ಹೊತ್ತುಕೊಂಡು ಹಿಂದಿರುಗಿದರು. ಇವತ್ತಿಗೂ ಅಲ್ಲಿಯ ಬಫೆಯಲ್ಲಿ ಭಾರತದ ಪಲ್ಯ, ದಾಲ್‌ಗಳಿವೆ. ತಟ್ಟೆಗೆ ಬೇಕಾದಷ್ಟು ಹಾಕಿಕೊಂಡು ತೂಕಕ್ಕೆ ದುಡ್ಡು ಕೊಡಬಹುದು. ಅಗ್ಗವಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಅಗ್ಗ ಎಂಬ ಪದಾರ್ಥ ನಾನು ಕಾಣಲಿಲ್ಲ. ಆದರೆ ಹತ್ತು ದಿನ ಬ್ರೆಡ್ಡು ಜಗಿದವನಿಗೆ ಆ ದಾಲ್ ತೂಕಕ್ಕೆ ಸಿಗುವ ವಸ್ತುವಾಗಿ ಕಾಣುವುದಿಲ್ಲ.

ಟಿಪ್ಸ್ ವಿಷಯ ಬೇಗ ಮುಗಿಸಬಹುದು. ಅಮೆರಿಕದ ಶೇಕಡಾ ಇಪ್ಪತ್ತನ್ನು ಇಲ್ಲಿಗೆ ತರಬೇಡಿ. ಫ್ರಾನ್ಸಿನಲ್ಲಿ ಕಾನೂನಿನಂತೆ ಸೇವೆ ಬೆಲೆಯಲ್ಲೇ ಸೇರಿದೆ. ಇಟಲಿಯಲ್ಲಿ ಕೊಪೆರ್ತೊ ಕೊಟ್ಟ ಮೇಲೆ ಚಿಲ್ಲರೆ ಬಿಟ್ಟರೆ ಧಾರಾಳ. ಲಂಡನ್ನಿನ ಬಿಲ್ಲಿನಲ್ಲಿ ಸಾಮಾನ್ಯವಾಗಿ ಶೇಕಡಾ 12.5 ಸೇರಿಸಿರುತ್ತಾರೆ, ಐಚ್ಛಿಕ ಎಂದು ಬರೆದಿದ್ದರೆ ತೆಗೆಸಬಹುದು. ಜರ್ಮನಿಯಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ವೇಟರ್ ಪರ್ಸು ಹಿಡಿದು ಮೇಜಿನ ಬಳಿಯೇ ಬಂದು ‘ಒಟ್ಟಿಗೋ, ಬೇರೆ ಬೇರೆಯೋ’ ಎಂದು ಕೇಳುತ್ತಾನೆ. 27 ಯೂರೊ ಆಗಿದ್ದರೆ ನೀವು ‘ಮೂವತ್ತು’ ಎಂದರೆ ಮೂರು ಅವನಿಗೆ. ಮೇಜಿನ ಮೇಲೆ ನಾಣ್ಯ ಬಿಟ್ಟು ಏಳುವುದು ಅಲ್ಲಿನ ರೂಢಿಯಲ್ಲ. ಭಾವ ಐವತ್ತರ ನೋಟು ಚಾಚುತ್ತಾ ಸೌಜನ್ಯಕ್ಕೆ ‘ದಾಂಕೆ’ ಎಂದುಬಿಟ್ಟರು. ದುಡ್ಡು ಕೊಡುವಾಗ ಥ್ಯಾಂಕ್ಸ್ ಹೇಳಿದರೆ ‘ಚಿಲ್ಲರೆ ನೀನೇ ಇಟ್ಟುಕೊ’ ಎಂದು ಅಲ್ಲಿ ಅರ್ಥ. ಬಿಲ್ಲು 38 ಇತ್ತು. ವೇಟರ್ ಎದೆಯ ಮೇಲೆ ಕೈಯಿಟ್ಟು ಬಾಗಿದ. ಭಾವ ಆ ರಾತ್ರಿ ಹೆಚ್ಚು ಮಾತಾಡಲಿಲ್ಲ. ಆದರೆ ಕಾರ್ಡು ಉಜ್ಜುವಾಗ ಅವರು ಕಲಿಸಿದ ಪಾಠ ಎಲ್ಲರಿಗೂ ಬೇಕು: ಯಂತ್ರ ‘ರೂಪಾಯಿಯೋ, ಯೂರೊವೋ’ ಎಂದು ಕೇಳಿದರೆ ಕಣ್ಣುಮುಚ್ಚಿ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಪರಿವರ್ತನೆಯ ದರ ನಿಗದಿ ಮಾಡುವವರು ಆ ಯಂತ್ರದ ಕಡೆಯವರು, ಅದು ನಿಮ್ಮ ಬ್ಯಾಂಕಿನ ದರಕ್ಕಿಂತ ಸಾಮಾನ್ಯವಾಗಿ ದುಬಾರಿ.

ಇಷ್ಟೆಲ್ಲ ಆದ ಮೇಲೆ, ಕುರ್ಚಿಯ ಲೆಕ್ಕ ನಮ್ಮ ಕಡೆಗೆ ತಿರುಗುವ ಒಂದು ಜಾಗವೂ ಇದೆ. ಮ್ಯೂನಿಕ್‌ನ ಬಿಯರ್ ಗಾರ್ಡನ್. ಬವೇರಿಯಾದಲ್ಲಿ ಹಿಂದೆ ಬೇಸಿಗೆಯಲ್ಲಿ ಬಿಯರ್ ತಯಾರಿಸುವಂತಿರಲಿಲ್ಲ. ಚಳಿಗಾಲದಲ್ಲಿ ಮಾಡಿಟ್ಟದ್ದು ಕೆಡದಿರಲೆಂದು ನೆಲಮಾಳಿಗೆ ತೋಡಿ, ಅದು ತಂಪಾಗಿರಲೆಂದು ಮೇಲೆ ಚೆಸ್ಟ್‌ನಟ್ ಮರ ನೆಟ್ಟರು. ನೆರಳಿಗೆ ಜನ ಬಂದರು, ಅಲ್ಲೇ ಕೂತು ಕುಡಿಯತೊಡಗಿದರು. ಊರಿನ ಹೋಟೆಲಿನವರು ನಮ್ಮ ವ್ಯಾಪಾರ ಹೋಯಿತೆಂದು ದೊರೆಗೆ ದೂರಿತ್ತರು. 1812ರ ಜನವರಿಯಲ್ಲಿ ಒಂದನೆಯ ಮ್ಯಾಕ್ಸಿಮಿಲಿಯನ್ ಜೋಸೆಫ್ ದೊರೆ ರಾಜಿ ಮಾಡಿದ: ಮರದ ಕೆಳಗೆ ಬಿಯರ್ ಮಾರಿ, ಜೊತೆಗೆ ಬ್ರೆಡ್ಡು ಕೊಡಿ, ಬೇರೆ ಊಟ ಮಾರಬೇಡಿ. ಜನ ಮನೆಯಿಂದ ಬುತ್ತಿ ತಂದರು. ಈಗ ಅಲ್ಲಿ ಊಟವೂ ಸಿಗುತ್ತದೆ, ಆದರೆ ಬುತ್ತಿ ತರುವ ಹಕ್ಕು ಹೋಗಿಲ್ಲ. ಬವೇರಿಯಾ ಸರ್ಕಾರದ 1999ರ ನಿಯಮದಲ್ಲಿ ಬಿಯರ್ ಗಾರ್ಡನ್ ಎನ್ನಿಸಿಕೊಳ್ಳುವ ಲಕ್ಷಣಗಳಲ್ಲಿ ಅದೂ ಒಂದು.

ಅಕ್ಕ ಅಲ್ಲಿ, ಹಿಂದಿನ ರಾತ್ರಿ ಬಾಡಿಗೆ ಮನೆಯಲ್ಲಿ ಮಾಡಿದ ಚಪಾತಿ, ಗೊಜ್ಜವಲಕ್ಕಿ ಬಿಚ್ಚಿದಳು. ಅಕ್ಕಪಕ್ಕದ ಜರ್ಮನ್ ಕುಟುಂಬಗಳೂ ಬುಟ್ಟಿಯಿಂದ ಮೂಲಂಗಿ, ಚೀಸ್, ಬ್ರೆಡ್ಡು ತೆಗೆದು ಹರಡಿಕೊಂಡಿದ್ದವು. ನಾವು ಕೊಂಡದ್ದು ನಾಲ್ಕು ಗ್ಲಾಸು ಸೇಬಿನ ರಸ. ಭಾವ ಬಿಲ್ಲು ನೋಡಿದರು. ಕುರ್ಚಿಗೆ ಏನೂ ಹಾಕಿರಲಿಲ್ಲ.

ಹೋಗುವವರು ಒಂದು ಗುರುತು ನೆನಪಿಡಿ: ಬಟ್ಟೆ ಹಾಸಿದ ಮೇಜು ಅಲ್ಲಿ ವೇಟರನದು, ಬುತ್ತಿ ಬಿಚ್ಚುವುದು ಬಟ್ಟೆ ಹಾಸದ ಬರಿಯ ಮರದ ಮೇಜಿನ ಮೇಲೆ. ಕುಡಿಯುವುದನ್ನು ಮಾತ್ರ ಅಲ್ಲಿಯೇ ಕೊಳ್ಳಬೇಕು.